ಹಳೇ ಬಂದರಿನಲ್ಲಿ ಅಂಚುಗಲ್ಲು ಎತ್ತಿದ ಬೆಳಗ್ಗೆ

ನಾನು ನಿಂತಿದ್ದದ್ದು ಸರಕಿನ ಶೆಡ್ಡಿನ ಒಳಗೆ, ಸಮುದ್ರದ ಕಡೆಯ ದೊಡ್ಡ ಬಾಗಿಲಿಗೆ ಮುಖ ಮಾಡಿ, ಎಡಗಡೆಯಿಂದ ನಾಲ್ಕನೆಯ ಮತ್ತು ಐದನೆಯ ಕಬ್ಬಿಣದ ಕಂಬಗಳ ನಡುವೆ. ಬಲಗಾಲಿನ ಹತ್ತಿರ ನೆಲಕ್ಕೆ ಹಾಸಿದ ಒಂದು ದೊಡ್ಡ ಚಪ್ಪಡಿ. ಅದರ ನಡುವೆ ಕೊರೆದು ಕೂರಿಸಿದ ಉಕ್ಕಿನ ಗೂಟ. ಗೂಟದಿಂದ ಹೊರಟ ತಂತಿಹಗ್ಗ ಬಾಗಿಲು ದಾಟಿ, ಹೊರಗೆ ನೀರಿನ ಕಡೆಗೆ ಓರೆಯಾಗಿ ನಿಂತ, ಕಲ್ಲು ಎತ್ತುವ ಎತ್ತುಗಂಬದ ತುದಿಗೆ ಹೋಗಿತ್ತು. ದೀಪಾವಳಿಗೆ ಮುಂಚಿನ ವಾರ, ಬೆಳಗಿನ ಹೊತ್ತು. ಇಳಿತ ತಳ ಮುಟ್ಟಿತ್ತು, ನೀರು ಇನ್ನೂ ತಿರುಗಿರಲಿಲ್ಲ. ಆಮೇಲೆ ವಿಚಾರಿಸಿದವರೆಲ್ಲ ಮೊದಲು ಕೇಳಿದ್ದು ನೀನು ಎಲ್ಲಿದ್ದೆ ಎಂದೇ. ಅದಕ್ಕೆ ಅಲ್ಲಿಂದಲೇ ಶುರು ಮಾಡಿದ್ದೇನೆ.

ನನ್ನ ಕೆಲಸ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು. ಊರು ರಾಮನಗರ. ಕರಾವಳಿಯ ಒಂದು ನಗರದ ಹಳೇ ಬಂದರಿನಲ್ಲಿ ಒಂದೇ ಒಂದು ಸರಕಿನ ಶೆಡ್ಡು ಉಳಿದಿತ್ತು. ಹಡಗುಗಳು ಹೊಸ ಬಂದರಿಗೆ ಹೋಗಿ ಬಹಳ ಕಾಲವಾಗಿತ್ತು. ಉಳಿದ ಶೆಡ್ಡುಗಳನ್ನು ಕೆಡವಿ, ಇದೊಂದನ್ನು ಜನ ನೋಡಲು ಇಟ್ಟುಕೊಳ್ಳಬೇಕೆಂದು ಬಂದರಿನವರು ತೀರ್ಮಾನಿಸಿದ್ದರು. ಶೆಡ್ಡಿನ ಮುಂದೆ ಹಡಗು ತಾಗುವ ಕಟ್ಟೆ ಇದೆ, ಆ ಕಡೆಯವರು ಧಕ್ಕೆ ಎನ್ನುತ್ತಾರೆ. ಅದರ ಅಂಚಿಗೆ ಸಾಲಾಗಿ ಕೂರಿಸಿದ ಕರಿಯ ಗ್ರಾನೈಟ್ ಕಲ್ಲುಗಳು ಅಲ್ಲಲ್ಲಿ ಕುಸಿದಿದ್ದವು. ಒಂದೊಂದನ್ನೇ ಎತ್ತಿ, ಕೆಳಗಿನ ಹಾಸನ್ನು ಕೆರೆದು, ಹೊಸ ಸುಣ್ಣದ ಗಾರೆ ಹಾಕಿ ಮತ್ತೆ ಅದೇ ಕಲ್ಲನ್ನು ಕೂರಿಸಬೇಕಾಗಿತ್ತು. ಒಡೆದುಹೋದ ಕೆಲವಕ್ಕೆ ಮಾತ್ರ ಕನಕಪುರದ ಕಡೆಯ ಕ್ವಾರಿಯಿಂದ ಹೊಸ ಕಲ್ಲು.

ಕ್ರೇನ್ ತರುವ ಹಾಗಿರಲಿಲ್ಲ. ಧಕ್ಕೆಯ ಹೊಟ್ಟೆಯೊಳಗೆ ಏನಿದೆಯೋ ಗೊತ್ತಿಲ್ಲ, ಮುಂಭಾಗದ ಗೋಡೆಯ ನಕ್ಷೆ ಬಿಟ್ಟರೆ ನಮ್ಮ ಕಚೇರಿಯಲ್ಲಿ ಬೇರೇನೂ ಉಳಿದಿಲ್ಲ, ಗಾಲಿಯ ಭಾರ ನಾನು ಬಿಡುವುದಿಲ್ಲ ಎಂದು ಬಂದರಿನ ಎಂಜಿನಿಯರ್ ಮೇಡಂ ಮೊದಲೇ ಹೇಳಿದ್ದರು. ಆದ್ದರಿಂದ ಕಲ್ಲು ಕೊಡುತ್ತಿದ್ದ ಕಂಟ್ರಾಕ್ಟರು ತನ್ನ ಕ್ವಾರಿಯ ಆಳುಗಳನ್ನೇ ಕರೆತಂದ. ಕ್ರೇನ್ ಹತ್ತದ ಬಂಡೆಗಳ ಮೇಲೆ ಕಂಬ, ಹಗ್ಗ, ಸರಪಳಿ ರಾಟೆ ಇಷ್ಟರಲ್ಲೇ ಕಲ್ಲು ಇಳಿಸಿ ಬೆಳೆದವರು ಅವರು.

ಆಳುಗಳು ಐವರು. ಮೇಸ್ತ್ರಿ ದೊಡ್ಡಆಲಹಳ್ಳಿಯವನು, ಕೂಗು ಹಾಕುವವನೂ ಅವನೇ. ಸರಪಳಿ ಎಳೆಯುವವನು ಕನಕಪುರದವನು. ಪಕ್ಕದ ಹಗ್ಗಕ್ಕೆ ಚನ್ನಪಟ್ಟಣದ ಕಡೆಯ ಅಣ್ಣ ತಮ್ಮ. ಐದನೆಯವನು ಸೋಲೂರಿನ ಸುಣ್ಣದ ಕೆಲಸದವನು. ಇವನು ಮೇಸ್ತ್ರಿಯ ತಂಗಿಯ ಗಂಡ. ಆದರೆ ಮೇಸ್ತ್ರಿ ಅವನನ್ನು ಭಾವ ಎಂದು ಕರೆದದ್ದು ನಾನು ಕೇಳಿರಲಿಲ್ಲ. ಯಾವಾಗಲೂ ‘ಲೇ ಸೋಲೂರು’ ಎನ್ನುತ್ತಿದ್ದ. ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಊಟ ಸಾಲದೆ ಬಂತಂತೆ, ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂದು ನಗುತ್ತಿದ್ದ. ಅಡುಗೆ ಅವರದೇ. ಅಲ್ಲಿನ ಕುಚ್ಚಲಕ್ಕಿ ಯಾರಿಗೂ ಒಗ್ಗಲಿಲ್ಲ. ಊರಿನಿಂದ ರಾಗಿಹಿಟ್ಟು ಹೊತ್ತು ತಂದಿದ್ದರು, ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆಯಲ್ಲಿ ಮುದ್ದೆ ಬೇಯುತ್ತಿತ್ತು.

ಅವರ ಕೆಲಸದ ಕಟ್ಟಳೆಗಳಲ್ಲಿ ಎರಡನ್ನು ಹೇಳಲೇಬೇಕು. ಮೊದಲನೆಯದು ದನಿಯದು. ಕಲ್ಲು ನೆಲ ಬಿಟ್ಟಮೇಲೆ ಕೂಗುವವನೊಬ್ಬನೇ ಬಾಯಿ ಬಿಡಬೇಕು. ಅವನ ಪ್ರತಿ ಮಾತಿನ ಕೊನೆಗೆ ಉಳಿದವರು ಐಸಾ ಎನ್ನುತ್ತಾರೆ, ಅಷ್ಟೇ. ಬೇರೆ ಯಾವ ದನಿ ಕೇಳಿದರೂ, ಯಾರಾದರೂ ಓಡಿದ್ದು ಕಂಡರೂ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಇಳಿಜಾರು ಬಂಡೆಯ ಮೇಲೆ ಕಲ್ಲು ಜಾರಿದಾಗ ಯೋಚಿಸುತ್ತ ನಿಂತವನು ಉಳಿಯುವುದಿಲ್ಲ. ಆ ಕಟ್ಟಳೆ ಎಷ್ಟೋ ಜನರನ್ನು ಉಳಿಸಿದೆ ಎಂದು ಮೇಸ್ತ್ರಿ ನನಗೆ ಮೊದಲ ದಿನವೇ ಹೇಳಿ, ನೀವೂ ಅಷ್ಟೇ ಸಾ, ಕೆಮ್ಮು ಬಂದ್ರೂ ನುಂಗ್ಕಳಿ ಎಂದಿದ್ದ. ಗುಂಡಿಯಲ್ಲಿ ಇಳಿದವನಿಗೆ ಮಾತ್ರ ವಿನಾಯಿತಿ. ಅವನು ಮಾತಾಡುತ್ತಿದ್ದರೆ ಚೆನ್ನಾಗಿದ್ದಾನೆ ಎಂದರ್ಥ.

ಎರಡನೆಯದು ಹಗ್ಗದ್ದು. ಕೆಳಗೆ ಆಳಿರುವಾಗ ಕಲ್ಲನ್ನು ಪಕ್ಕಕ್ಕೆ ಹಿಡಿದಿರುವ ಹಗ್ಗವನ್ನು ಎಲ್ಲಿಗೂ ಕಟ್ಟಬಾರದು, ಕೈಯಲ್ಲೇ ಹಿಡಿದಿರಬೇಕು. ಕಟ್ಟಿದ ಹಗ್ಗಕ್ಕೆ ಏನೂ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ ಎನ್ನುವುದು ಅವರ ನಂಬಿಕೆ.

ಅವರು ಕಲ್ಲು ಜೋಡಿಸುವಾಗ ನಾನು ಶೆಡ್ಡು ಅಳೆಯುತ್ತಿದ್ದೆ. ಕೆಂಪು ಮುರಕಲ್ಲಿನ ಗೋಡೆ, ಹೆಂಚಿನ ಚಾವಣಿ, ಎರಕದ ಕಬ್ಬಿಣದ ಕಂಬಗಳು. ಕಾಫಿ, ಮೆಣಸು, ಹೆಂಚು, ಹುರಿ ಎಲ್ಲ ಇಲ್ಲಿಂದಲೇ ಹೋಗಿದ್ದವಂತೆ. ಗೋಡೆ ಓದುತ್ತ ಹೋದರೆ ಧಕ್ಕೆಯ ವಯಸ್ಸು ಕಾಣುತ್ತಿತ್ತು. ಮೊದಲು ದೋಣಿಗಳಿಗೆ ಮುರಕಲ್ಲಿನ ಕಟ್ಟೆ. ಆಮೇಲೆ ದೊಡ್ಡ ದೋಣಿಗಳು ಬಂದಾಗ ನೀರಿನ ಕಡೆಗೆ ಇನ್ನಷ್ಟು ಒತ್ತಿ ಕಟ್ಟಿದ ಗ್ರಾನೈಟಿನ ಮುಖ. ಅದರ ತುದಿಗೆ ಕಬ್ಬಿಣದ ಮೊಂಡು ಗೂಟಗಳು, ಹಡಗಿನ ಹಗ್ಗ ಕಟ್ಟಲು. ಅಂದರೆ ಶೆಡ್ಡು ಮೊದಲು ನೀರಿನ ಅಂಚಿನಲ್ಲೇ ಇತ್ತು, ಧಕ್ಕೆ ಅದನ್ನು ಬಿಟ್ಟು ಮುಂದೆ ಹೋಗಿತ್ತು. ಇಷ್ಟು ನನಗೆ ಹೊಂದಿಬಂತು. ಹೊಂದದೆ ಉಳಿದವು ಎರಡು. ನಾಲ್ಕನೆಯ ಮತ್ತು ಐದನೆಯ ಕಂಬಗಳ ನಡುವಿನ ಅಂತರ ಉಳಿದವಕ್ಕಿಂತ ಹೆಚ್ಚಿತ್ತು. ಅದರ ಹಿಂದಿನ ಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ದೋಣಿ ಕಟ್ಟುವಂಥ ಬಳೆಯೊಂದು ನೆಟ್ಟಿತ್ತು. ಶೆಡ್ಡಿನ ಒಳಗೆ ದೋಣಿಯ ಬಳೆ ಏಕೆ ಎಂದು ಮೇಡಂ ಅವರನ್ನು ಕೇಳಿದೆ. ಎತ್ತು ಕಟ್ಟುತ್ತಿದ್ದರೇನೋ ಎಂದರು. ನನಗೂ ಅದು ಸರಿಯೆನಿಸಿತು.

ಎತ್ತುಗಂಬದ ಬುಡ ಧಕ್ಕೆಯ ಅಂಚಿಗೆ ಹತ್ತಿರ. ಅದು ನೀರಿಗೆ ಬೀಳದ ಹಾಗೆ ಹಿಂದಕ್ಕೆ ಹಿಡಿಯುವ ತಂತಿಹಗ್ಗಕ್ಕೆ ಗಟ್ಟಿಯಾದ ಗೂಟ ಬೇಕಿತ್ತು. ನಮ್ಮ ಕಡೆ ನೆಲ ಎಂದರೆ ಬಂಡೆ. ರಾಮನಗರದಲ್ಲಿ ಹಿತ್ತಲು ಕೆರೆದರೂ ಬಂಡೆ ಸಿಗುತ್ತದೆ. ಕ್ವಾರಿಯಲ್ಲಿ ಗೂಟ ಹೊಡೆಯುವ ಮುಂಚೆ ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ ಕೇಳುತ್ತಾರೆ. ಮಂಕಾದ ಬೊದ್ದು ಸದ್ದು ಬಂದರೆ ಒಳಗೆ ಬಿರುಕು, ಬೇಡ. ಗಂಟೆಯ ಹಾಗೆ ಮೊಳಗಿದರೆ ಅಖಂಡ ಕಲ್ಲು, ಆನೆ ಕಟ್ಟಿದರೂ ತಡೆಯುತ್ತದೆ. ಮೇಸ್ತ್ರಿ ಶೆಡ್ಡಿನ ನೆಲವನ್ನು ಆ ತುದಿಯಿಂದ ಈ ತುದಿಗೆ ತಟ್ಟುತ್ತ ಬಂದ. ಎಲ್ಲ ಚಪ್ಪಡಿಯೂ ಬೊದ್ದು. ಆ ಅಗಲದ ಅಂತರದಲ್ಲಿದ್ದ ಎರಡೇ ಎರಡು ಮೊಳಗಿದವು. ‘ಸಿಗ್ತು ನೋಡಿ ಸಾ, ನಮ್ಮೂರ್ ಕಲ್ಲು’ ಎಂದ. ಸುಣ್ಣದವನೂ ಬಗ್ಗಿ ಕಿವಿಯಿಟ್ಟು ಕೇಳಿ ತಲೆಯಾಡಿಸಿದ. ನಾನೂ ಕೇಳಿದೆ. ಒಳ್ಳೆಯ ಸದ್ದು. ಅದಕ್ಕೇ ಗೂಟ ಹೊಡೆದರು. ಮೇಡಂ ಬಂದು ನೋಡಿ, ಸರಿ ಎಂದರು.

ಮೊದಲ ಕಲ್ಲುಗಳು ಚಿಕ್ಕವು, ತೊಂದರೆಯಿಲ್ಲದೆ ಕೂತವು. ಆ ಬೆಳಗ್ಗೆ ಎತ್ತಿದ್ದು ಸಾಲಿನಲ್ಲೇ ದೊಡ್ಡದು, ಮೂಲೆಯ ಕಲ್ಲು. ಅದರ ಹಾಸು ಇಳಿತದಲ್ಲಿ ಮಾತ್ರ ನೀರಿನಿಂದ ಹೊರಗೆ ಬರುತ್ತಿತ್ತು. ಕಲ್ಲನ್ನು ಇಳಿಸಿ ಮತ್ತೆ ಎತ್ತುವಷ್ಟು ಬಿಡುವಿಲ್ಲ. ಪಕ್ಕದ ಕಲ್ಲಿನ ಮೇಲೆ ಇಡೋಣವೆಂದರೆ ಅದರ ಗಾರೆ ಇನ್ನೂ ಹಸಿ. ಹಾಗಾಗಿ ಕಲ್ಲನ್ನು ಎತ್ತಿ, ಅಣ್ಣ ತಮ್ಮ ಹಿಡಿಯುವ ಎಡ ಹಗ್ಗದಿಂದ ಪಕ್ಕಕ್ಕೆಳೆದು, ನೀರಿನ ಮೇಲೆ ತೂಗಿಸಿಟ್ಟುಕೊಂಡೇ ಸುಣ್ಣದವನು ಗುಂಡಿಗಿಳಿಯಬೇಕು, ಅವನು ಹೊರಗೆ ಬಂದಮೇಲೆ ಕಲ್ಲನ್ನು ವಾಪಸು ತಂದು ಕೂರಿಸಬೇಕು ಎಂದು ಹಿಂದಿನ ದಿನ ಎಲ್ಲರೂ ಕೂತು ಗೊತ್ತುಮಾಡಿಕೊಂಡಿದ್ದೆವು. ಗುಂಡಿ ಎಂದರೆ ಎರಡು ಕಲ್ಲುಗಳ ನಡುವಿನ ಇಕ್ಕಟ್ಟು. ಸೊಂಟದವರೆಗೆ ಇಳಿದವನು ಬಗ್ಗಿದರೆ ಬೆನ್ನು ಮಾತ್ರ ಕಾಣುತ್ತದೆ. ಎಡ ಹಗ್ಗ ಸಡಿಲವಾದರೆ ಕಲ್ಲು ತೂಗಿ ಬಂದು ನಿಲ್ಲುವುದು ಆ ಬೆನ್ನಿನ ಮೇಲೆಯೇ.

ಕಲ್ಲು ಎದ್ದಿತು. ಮೇಸ್ತ್ರಿ ಬಾಗಿಲಿನ ಆಚೆ, ಎಲ್ಲರಿಗೂ ಕಾಣುವ ಹಾಗೆ ನಿಂತು ಕೂಗುತ್ತಿದ್ದ. ಚನ್ನಪಟ್ಟಣದ ಅಣ್ಣ ತಮ್ಮ ಎಡ ಹಗ್ಗವನ್ನು ಕಬ್ಬಿಣದ ಮೊಂಡು ಗೂಟಕ್ಕೆ ಗಂಟಿಲ್ಲದೆ ಎರಡು ಸುತ್ತು ಸುತ್ತಿ, ತುದಿಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದರು. ಕಲ್ಲು ಪಕ್ಕಕ್ಕೆ ಸರಿದು ನೀರಿನ ಮೇಲೆ ನಿಂತಿತು. ಸುಣ್ಣದವನು ಇಳಿದ. ಮೇಡಂ ಸ್ವಲ್ಪ ದೂರದಲ್ಲಿ, ಶೆಡ್ಡಿನ ಗೋಡೆಗೆ ಒರಗಿ ನೋಡುತ್ತಿದ್ದರು. ನಾನು ಹಿಂದಿನ ತಂತಿಹಗ್ಗದ ಬಿಗಿ ನೋಡಲು ಶೆಡ್ಡಿನೊಳಗಿನ ಗೂಟದ ಹತ್ತಿರ ಹೋದೆ.

ಗೂಟದ ಬುಡದಿಂದ ಸಣ್ಣಗೆ ಧೂಳು ಎದ್ದಿತು. ಸರಪಳಿಯವನು ಕಲ್ಲನ್ನು ಒಂದಿಷ್ಟು ಸರಿಪಡಿಸಲು ಎಳೆದ ಹಾಗಿತ್ತು. ಮತ್ತೆ ಎಳೆದ, ಮತ್ತೆ ಧೂಳು. ಬಗ್ಗಿ ನೋಡಿದೆ. ಗೂಟದಿಂದ ಎರಡೂ ಕಡೆಗೆ ಕೂದಲೆಳೆಯಂಥ ಗೆರೆ. ಮುಂಚೆ ಇರಲಿಲ್ಲ. ಬಗ್ಗಿದ ಮೂಗಿಗೆ ಆ ಗೆರೆಯಿಂದ ತಣ್ಣನೆಯ ಗಾಳಿ ತಾಗಿತು, ಕೊಳೆತ ಉಪ್ಪುನೀರಿನ ವಾಸನೆ. ನೆಲದ ಕೆಳಗೆ ಗಾಳಿ ಆಡುತ್ತಿದೆ. ಆಗ ಅಗಲದ ಅಂತರ, ಗೋಡೆಯ ಬಳೆ, ಮೊಳಗಿದ ಚಪ್ಪಡಿ ಎಲ್ಲ ಒಟ್ಟಿಗೆ ಅರ್ಥವಾದವು. ಇಲ್ಲಿ ಹಿಂದೆ ಶೆಡ್ಡಿನೊಳಕ್ಕೇ ನೀರು ಬರುತ್ತಿತ್ತು. ದೋಣಿ ಚಾವಣಿಯ ಕೆಳಗೇ ಬಂದು ನಿಲ್ಲುತ್ತಿತ್ತು. ಧಕ್ಕೆ ಮುಂದೆ ಹೋದಾಗ ಆ ಕಾಲುವೆಗೆ ಮಣ್ಣು ತುಂಬಿ ಚಪ್ಪಡಿ ಮುಚ್ಚಿದ್ದಾರೆ. ಮಣ್ಣನ್ನು ಉಬ್ಬರ ಇಳಿತಗಳು ಇಷ್ಟು ಕಾಲ ತೊಳೆದುಕೊಂಡು ಹೋಗಿವೆ. ಮಣ್ಣಿನ ಮೇಲೆ ಕೂತ ಚಪ್ಪಡಿ ಬೊದ್ದಾಗಿ ಸದ್ದು ಮಾಡುತ್ತದೆ. ಕೆಳಗೆ ಬರಿದಾದದ್ದು ಮೊಳಗುತ್ತದೆ.

ನನಗೆ ಕೂಗಬೇಕೆನಿಸಿತು. ಬಾಯಿ ತೆರೆದದ್ದೂ ನೆನಪಿದೆ. ಕೂಗಿದರೆ ಅಣ್ಣ ತಮ್ಮ ಹಗ್ಗ ಬಿಟ್ಟು ಓಡುತ್ತಾರೆ, ಹಾಗೆ ಓಡುವುದನ್ನೇ ಅವರು ಚಿಕ್ಕಂದಿನಿಂದ ಕಲಿತಿರುವುದು. ಕಲ್ಲು ಗುಂಡಿಯ ಮೇಲೆ ಬರುತ್ತದೆ. ನಾನು ಓಡಿದರೂ ಅಷ್ಟೇ. ಬಾಯಿ ಮುಚ್ಚಿ ನಡೆದೆ. ಕೆಲಸವಿಲ್ಲದವನು ಶೆಡ್ಡಿನಲ್ಲಿ ಅಡ್ಡಾಡುವ ಹಾಗೆ ನಡೆಯಬೇಕಾಗಿತ್ತು. ತಂತಿಹಗ್ಗ ನನ್ನ ಬಲಭುಜದ ಪಕ್ಕದಲ್ಲೇ ಬಾಗಿಲಿನವರೆಗೂ ಬಂತು. ಅದು ಒಂದು ಸಲ ಮಿಡಿದದ್ದು ಕಂಡಿತು. ನಾನು ತಿರುಗಿ ನೋಡಲಿಲ್ಲ.

ಮೇಸ್ತ್ರಿಯ ಬೆನ್ನಿನ ಹಿಂದೆ ನಿಂತು, ಕಿವಿಯ ಹತ್ತಿರ ಹೇಳಿದೆ. ಚಪ್ಪಡಿ ಬಿಡುತ್ತಿದೆ, ಕೆಳಗೆ ಟೊಳ್ಳು ಎಂದಷ್ಟೇ. ಅವನು ತಿರುಗಲಿಲ್ಲ. ಕೂಗು ನಿಲ್ಲಲಿಲ್ಲ. ಕೈ ಮಾತ್ರ ಸರಪಳಿಯವನ ಕಡೆಗೆ ಚಪ್ಪಟೆಯಾಗಿ ಚಾಚಿತು. ಎಳೆಯಬೇಡ ಎಂಬ ಸನ್ನೆ. ಸರಪಳಿಯವನು ನಿಂತ.

ಆಮೇಲೆ ಮೇಸ್ತ್ರಿ ಕೂಗಿನೊಳಗೇ ಸುಣ್ಣದವನನ್ನು ಕರೆಯತೊಡಗಿದ. ತಾಳ ಅದೇ, ದನಿಯೂ ಅದೇ.

‘ಲೇ ಸೋಲೂರು!’

‘ಐಸಾ.’

‘ಸುಣ್ಣ ಸಾಕು!’

‘ಐಸಾ.’

‘ಮೇಲಕ್ ಬಾರ್ಲಾ!’

‘ಐಸಾ.’

ಗುಂಡಿಯಿಂದ ನಗು ಬಂತು. ಪ್ರತಿ ಕಲ್ಲಿಗೂ ಮೇಸ್ತ್ರಿ ಅವನನ್ನು ಹೀಗೇ ಕೂಗಿನಲ್ಲಿ ಕಿಚಾಯಿಸುತ್ತಿದ್ದ. ಹಿಂದಿನ ದಿನ ‘ಸೋಲೂರ ಅಳಿಯ, ಸೋಮಾರಿ ಅಳಿಯ’ ಎಂದು ಕೂಗಿ ಎಲ್ಲರನ್ನೂ ನಗಿಸಿದ್ದ.

‘ಇರ್ಲಾ, ಒಸಿ ಮೂಲೆ ಉಳ್ಕಂಡೈತೆ’ ಎಂದ ಸುಣ್ಣದವನು, ಬಗ್ಗಿಕೊಂಡೇ. ‘ನಿನ್ ಕಲ್ಲೇನು ಹೆತ್ತುಬುಡ್ತದಾ?’

ಅಣ್ಣ ತಮ್ಮಂದಿರೂ ಬಾಯಿ ಮುಚ್ಚಿಕೊಂಡೇ ನಕ್ಕರು. ನಗುವಾಗ ಹಗ್ಗ ಸ್ವಲ್ಪ ಅದುರಿತು. ಮೇಸ್ತ್ರಿ ಇನ್ನೊಂದು ಸಲ ಕೂಗಿದ. ಮುದ್ದೆ ಆರ್ತದೆ ಎಂದೋ ಏನೋ. ಅವನು ಏಳಲಿಲ್ಲ. ಕರಣಿ ಕಲ್ಲಿಗೆ ಉಜ್ಜುವ ಸದ್ದು ನನಗೆ ಇಂದಿಗೂ ಕೇಳುತ್ತದೆ. ನನ್ನ ಹಿಂದೆ ಶೆಡ್ಡಿನೊಳಗೆ ಟಕ್ ಎಂದಿತು, ಅಡಕೆ ಒಡೆದಷ್ಟು ಸಣ್ಣ ಸದ್ದು.

ಆಗ ಮೇಸ್ತ್ರಿ ಕೂಗು ನಿಲ್ಲಿಸಿದ.

ಕಲ್ಲು ತೂಗುತ್ತಿರುವಾಗ ಕೂಗು ನಿಂತದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ ಎಂದು ಆಮೇಲೆ ಹೇಳಿದರು. ಬೇರೆ ದನಿ ಬಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ದನಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಇದ್ದಲ್ಲೇ ಬಿಗಿಯಾದರು. ಅಣ್ಣ ತಮ್ಮಂದಿರ ಕೈ ಹಗ್ಗದ ಮೇಲೆ ಇನ್ನೂ ಬಿಗಿಯಿತು. ಕರಣಿಯ ಸದ್ದೂ ನಿಂತಿತು. ಸುಣ್ಣದವನು ತಲೆಯೆತ್ತಿ ನೋಡಿದ. ಮುಖದ ಒಂದು ಕಡೆಗೆ ಗಾರೆ ಹತ್ತಿತ್ತು. ಮೇಸ್ತ್ರಿ ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದ:

‘ಬಾ ಭಾವ.’

ಸುಣ್ಣದವನು ಕರಣಿಯನ್ನು ಅಲ್ಲೇ ಬಿಟ್ಟ. ಎರಡೂ ಅಂಗೈ ಕಲ್ಲಿನ ಮೇಲೂರಿ, ಮೊಣಕಾಲು ಹಾಕಿ ಹತ್ತಿ, ಮೇಸ್ತ್ರಿ ತೋರಿಸಿದ ಕಡೆಗೆ ಹೋದ. 

ಅವನು ದಾಟಿದ ಮೇಲೆ ಮೇಸ್ತ್ರಿ ಕಣ್ಣಿನಲ್ಲೇ ಸರಪಳಿಯವನನ್ನು ಎತ್ತುಗಂಬದ ಬುಡದಿಂದ ಕಳಿಸಿದ. ಉಳಿದದ್ದು ಎಡ ಹಗ್ಗ. ಅಣ್ಣ ತಮ್ಮ ಅದನ್ನು ಬಿಟ್ಟರೆ ಕಂಬ ತಿರುಗಿ ಬರುವ ದಾರಿಯಲ್ಲೇ ಅವರು ಓಡಬೇಕಿತ್ತು. ಗಂಟು ಹಾಕಿ ಬಿಟ್ಟರೆ ಬೀಳುವ ಕಂಬ ಆ ಹಗ್ಗಕ್ಕೆ ಸಿಕ್ಕಿ ಧಕ್ಕೆಯ ಮೇಲೆ ಎಲ್ಲಿಗೆ ತಿರುಗುವುದೋ ಗೊತ್ತಿರಲಿಲ್ಲ. ಮೇಸ್ತ್ರಿ ಹೋಗಿ ಹಗ್ಗದ ತುದಿಯನ್ನು ಅವರ ಕೈಯಿಂದ ತನ್ನ ಕೈಗೆ ತೆಗೆದುಕೊಂಡ. ತಮ್ಮ ಬಿಡಲೊಲ್ಲೆ ಎನ್ನುವ ಹಾಗೆ ನಿಂತದ್ದು, ಅಣ್ಣ ಅವನ ಅಂಗಿ ಹಿಡಿದು ಎಳೆದದ್ದು ನಾನು ನೋಡಿದೆ. ಇಬ್ಬರೂ ಶೆಡ್ಡಿನ ಗೋಡೆಯವರೆಗೆ ಬಂದರು. ಎಲ್ಲರೂ ದೂರವಾದದ್ದನ್ನು ನೋಡಿಕೊಂಡು ಮೇಸ್ತ್ರಿ ಮೊಂಡು ಗೂಟದ ಮೇಲಿನ ಮೊದಲ ಸುತ್ತನ್ನು ಬಿಚ್ಚಿದ. ಎರಡನೆಯದನ್ನು ಬಿಚ್ಚಿ, ತುದಿ ಬಿಸಾಕಿ ಈ ಕಡೆಗೆ ಬಂದುಬಿಡುವುದು ಅವನ ಮನಸ್ಸಿನಲ್ಲಿತ್ತು ಎಂದು ನಾನು ತಿಳಿದಿದ್ದೇನೆ. ಕೇಳುವ ಅವಕಾಶ ಸಿಗಲಿಲ್ಲ.

ಚಪ್ಪಡಿ ಮುರಿಯಿತು. ಹಿಂದಿನ ಹಗ್ಗ ಬಾಗಿಲಿನಿಂದ ಹಾರಿಕೊಂಡು ಹೋಯಿತು. ಕಂಬ ನೀರಿನ ಕಡೆಗೆ ಬಿತ್ತು. ಕಲ್ಲು ಬೀಳುವಾಗ ಗುಂಡಿಯ ಅಂಚನ್ನು ಒಡೆದು, ಕರಣಿ ಬಿಟ್ಟ ಜಾಗದ ಮೇಲೆ ಉರುಳಿ ನೀರಿಗೆ ಹೋಯಿತು. ಎಡ ಹಗ್ಗ ಉಳಿದ ಒಂದು ಸುತ್ತಿನ ಮೇಲೆ ಓಡಿತು. ಅದರ ತುದಿ ಮೇಸ್ತ್ರಿಯ ಮೊಣಕೈಯನ್ನು ಹಿಡಿದು ಅವನನ್ನು ಕಬ್ಬಿಣದ ಮೊಂಡು ಗೂಟಕ್ಕೆ ಎಸೆಯಿತು. ಇದನ್ನು ನಾನು ನೋಡಿದ್ದು ಹತ್ತು ಹನ್ನೆರಡು ಅಡಿ ದೂರದಿಂದ, ಬೆಳಕು ಚೆನ್ನಾಗಿದ್ದಾಗ. ಅನುಮಾನವಿಲ್ಲ.

ಸುಣ್ಣದವನೇ ಮೊದಲು ಓಡಿದ. ಮೇಡಂ ತಮ್ಮ ವೇಲಿನಿಂದ ಮೇಸ್ತ್ರಿಯ ತೋಳು ಕಟ್ಟಿದರು, ಗಾಡಿ ತರಿಸಿದರು. ಅವನಿಗೆ ಪ್ರಜ್ಞೆ ಇತ್ತು. ಎಲ್ಲರೂ ಬಂದ್ರಾ ಎಂದು ಕೇಳಿದ. ಬಂದರು ಎಂದೆ. ಅವನು ಆ ವಾರ ದಾಟಲಿಲ್ಲ. ದೊಡ್ಡಆಲಹಳ್ಳಿಗೆ ದೇಹ ತಂದಾಗ ನಾನು ಜೊತೆಗಿದ್ದೆ. ಅವನ ಹೆಂಡತಿ ಕೇಳಿದ್ದಕ್ಕೆಲ್ಲ, ಇಲ್ಲಿ ಬರೆದ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಮುರಿದ ಚಪ್ಪಡಿಯ ಕೆಳಗೆ ಮುರಕಲ್ಲಿನ ಮೆಟ್ಟಿಲುಗಳು ಸಿಕ್ಕವು, ಕಪ್ಪು ನೀರಿಗೆ ಇಳಿಯುತ್ತ. ಮಳೆಗಾಲದಲ್ಲೂ ಸರಕು ನೆನೆಯದ ಹಾಗೆ ದೋಣಿಯನ್ನು ಒಳಕ್ಕೇ ತಂದು ತುಂಬುತ್ತಿದ್ದ ಜಾಗ. ಆ ಬಂದರಿನ ಇತಿಹಾಸ ಬಲ್ಲವರಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಈಗ ಅಲ್ಲಿ ಕಟಕಟೆ ಹಾಕಿ ಜನರಿಗೆ ತೋರಿಸುತ್ತಾರೆ. ಆ ನಕ್ಷೆ ನಾನೇ ಬರೆದದ್ದು. ನಾವು ಚಪ್ಪಡಿಗೆ ಹೊಡೆದ ಗೂಟದ ಜಾಗವನ್ನೂ ಗುರುತಿಸಿದ್ದೇನೆ. ಅದು ಶೆಡ್ಡಿನ ಇತಿಹಾಸಕ್ಕೆ ಸೇರಿದ್ದಲ್ಲ, ತೆಗೆಯಿರಿ ಎಂದು ಒಬ್ಬರು ಹೇಳಿದರು. ಮೇಡಂ ಇರಲಿ ಎಂದರು.

ಇದನ್ನು ಬರೆದ ಮೇಲೆ ಮಾಗಡಿಯಿಂದ ಬಸ್ಸು ಹತ್ತಿ ಸೋಲೂರಿಗೆ ಹೋಗಿ ಸುಣ್ಣದವನಿಗೆ ಓದಿ ಹೇಳಿದೆ. ಅವನು ಈಗ ಆ ಕೆಲಸ ಬಿಟ್ಟು ಹಸು ಕಟ್ಟಿದ್ದಾನೆ. ತೆಂಗಿನ ಮರದ ನೆರಳಿನಲ್ಲಿ ಕೂತು ಪೂರ್ತಿ ಕೇಳಿದ. ಒಂದು ಕಡೆ ತಡೆದ.

‘ಬಾ ಭಾವ ಅಂತ ಅವ್ನು ಅಂದಿಲ್ಲ’ ಎಂದ. ‘ಬಾಯೇ ಬುಡ್ಲಿಲ್ಲ. ಸುಮ್ಕಾದ. ಅದ್ಕೇ ನಾನು ಎದ್ದೆ.’

ನನಗೆ ಕೇಳಿಸಿತ್ತು, ನಾನು ಅವನ ಬೆನ್ನ ಹಿಂದೆಯೇ ಇದ್ದೆ ಎಂದೆ.

‘ಅವ್ನು ನನ್ನ ಭಾವ ಅಂತ ಕರೆದಿದ್ರೆ ನಂಗ್ ಗೊತ್ತಾಗ್ತಿರ್ಲಿಲ್ವಾ?’

ಸರಪಳಿಯವನನ್ನು ಕೇಳಿದೆ. ಅಂದ ಹಾಗಾಯ್ತು, ಆಣೆ ಮಾಡಲಾರೆ ಎಂದ. ಮೇಡಂ ದೂರದಲ್ಲಿದ್ದರು. ನಾನು ಕೇಳಿದ್ದನ್ನು ಕೇಳಿದ ಹಾಗೆ ಇಟ್ಟಿದ್ದೇನೆ, ಅವನು ಹೇಳಿದ್ದನ್ನೂ ಇಟ್ಟಿದ್ದೇನೆ.

ಅದನ್ನು ನೋಡಿದವರಲ್ಲಿ ಈಗ ಇರುವವರು ಇವರು. ಎಂಜಿನಿಯರ್ ಮೇಡಂ, ಬೇರೆ ಊರಿಗೆ ವರ್ಗವಾಗಿ ಹೋಗಿದ್ದಾರೆ. ಕನಕಪುರದ ಸರಪಳಿಯವನು, ಅದೇ ಕ್ವಾರಿಯಲ್ಲಿ ಈಗ ಅವನೇ ಕೂಗುತ್ತಾನೆ. ಚನ್ನಪಟ್ಟಣದ ಅಣ್ಣ ತಮ್ಮಂದಿರಲ್ಲಿ ತಮ್ಮ. ಅಣ್ಣ ಕಾಮಾಲೆಯಾಗಿ ತೀರಿಕೊಂಡ. ರಾಮನಗರದಲ್ಲಿ ನಾನು. ಸೋಲೂರಿನಲ್ಲಿ ಸುಣ್ಣದವನು ಇದ್ದಾನೆ.